ನಂಬರು ಹಾಕಿಸಿಕೊಂಡ ಜೇಡಗಳು

ಜೇಡ ಇಲ್ಲದ ಮನೆ ಇದೆ ಎಂದು ಯಾರಾದರೂ ಹೇಳಿದರೆ, ಅವರಿಗೆ ಕತ್ತೆತ್ತಿ ನೋಡುವ ಅಭ್ಯಾಸವಿಲ್ಲ ಎಂದಷ್ಟೇ ಅರ್ಥ. ನಮ್ಮ ಮನೆಯಲ್ಲೂ ಜೇಡಗಳಿದ್ದವು, ಒಪ್ಪಿಕೊಳ್ಳುತ್ತೇನೆ, ಅದರಲ್ಲಿ ನಾಚಿಕೆಯೇನಿಲ್ಲ. ಆದರೆ ನಂಬರು ಹಾಕಿಸಿಕೊಂಡು, ತಾರೀಖು ಬರೆಸಿಕೊಂಡು, ಪಕ್ಕದಲ್ಲಿ ‘ಮುಟ್ಟಬಾರದು’ ಎಂಬ ಚೀಟಿ ಅಂಟಿಸಿಕೊಂಡು ಠೀವಿಯಿಂದ ಕೂತ ಜೇಡಗಳು ಇಡೀ ಊರಿನಲ್ಲಿ ನಮ್ಮ ಮನೆಯಲ್ಲಿ ಮಾತ್ರ ಇದ್ದವು. ಅದಕ್ಕೆ ಕಾರಣ ನಮ್ಮ ಯಜಮಾನರು. ಇನ್ನು ಮುಂದೆ ಏನೇನು ಎಡವಟ್ಟಾಯಿತೋ ಅದೆಲ್ಲಕ್ಕೂ ಕಾರಣ ಅವರೇ, ಆದ್ದರಿಂದ ಪದೇ ಪದೇ ಹೇಳುವುದಿಲ್ಲ.

ಇವರು ಪಂಪು ತಯಾರಿಸುವ ಕಾರ್ಖಾನೆಯ ಸ್ಟೋರಿನಲ್ಲಿ ಗುಮಾಸ್ತರು. ಇಪ್ಪತ್ತೆರಡು ವರ್ಷದಿಂದ ಮಾಡಿರುವ ಕೆಲಸ ಒಂದೇ, ಬಂದ ಸಾಮಾನಿಗೆಲ್ಲ ಚೀಟಿ ಅಂಟಿಸುವುದು. ಆ ಚಟ ಮನೆಗೂ ಬಂದಿದೆ. ನಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯ ಮೇಲೆ ‘ಉಪ್ಪು’ ಎಂದು ಬರೆದಿದೆ. ಅದರ ಕೆಳಗೆ ‘ಸಕ್ಕರೆ ಅಲ್ಲ’ ಎಂದೂ ಬರೆದಿದೆ. ಮದುವೆಯಾದ ಹೊಸತರಲ್ಲಿ ಇದನ್ನು ಶಿಸ್ತು ಅಂದುಕೊಂಡಿದ್ದೆ. ನನಗಾಗ ತಿಳಿವಳಿಕೆ ಕಡಿಮೆ.

ಇನ್ನು ನನ್ನ ಸಂಗತಿ. ಮುಂದಿನ ಕೋಣೆಯಲ್ಲಿ ಚಿಕ್ಕ ಮಕ್ಕಳ ಶಿಶುವಿಹಾರ ತೆರೆಯಬೇಕು ಎಂದು ನಾನು ಎರಡು ವರ್ಷದಿಂದ ಓಡಾಡುತ್ತಿದ್ದೆ. ಕೆಲಸಕ್ಕೆ ಹೋಗುವ ಆರು ಜನ ತಾಯಂದಿರು ಆಗಲೇ ಹೆಸರು ಕೊಟ್ಟಿದ್ದರು. ಮೊದಲನೆಯವಳು ಮೇಲ್ಮಹಡಿಯಾಕೆ, ಅವಳ ಮಗುವಿಗೆ ಒಂದೂವರೆ ವರ್ಷ. ಚಾಪೆ, ಪುಟ್ಟ ಮಂಚ, ಗೋಡೆಗೆ ಆನೆ ಕುದುರೆ ಚಿತ್ರ, ಎಲ್ಲ ತಯಾರಿತ್ತು. ಇಲಾಖೆಯಿಂದ ಅಧಿಕಾರಿ ಬಂದು ಮನೆಯ ಶುಚಿತ್ವ ನೋಡಿ ಅನುಮತಿ ಕೊಡುವುದೊಂದು ಬಾಕಿ. ಕೊಡದೆ ಹೋದರೆ ಇನ್ನೊಂದು ವರ್ಷ ಅರ್ಜಿ ಹಾಕುವ ಹಾಗಿಲ್ಲ.

ಹಾಗಾಗಿ ಒಂದು ಭಾನುವಾರ ಇವರ ಕೈಗೆ ಕೋಲಿಗೆ ಕಟ್ಟಿದ ಪೊರಕೆ ಕೊಟ್ಟು, "ರೀ, ಆ ಬಲೆಗಳನ್ನೆಲ್ಲ ಹೊಡೆದುಬಿಡಿ" ಎಂದೆ. ಸ್ಟೂಲು ಹತ್ತಿದರು. ಹತ್ತಿದವರು ಅಲ್ಲೇ ನಿಂತರು. ಕಾಲು ಗಂಟೆಯಾದರೂ ಪೊರಕೆ ಅಲ್ಲಾಡಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಪೇಪರು ಕೇಳಲು ಬಂದರು.

"ಏನ್ರೀ, ಬಲೆ ಹೊಡೀತಿದೀರೋ, ಬಲೆ ಕಾಯ್ತಿದೀರೋ?"

ಸೋಮಾರಿತನ ಸಿಕ್ಕಿಬಿದ್ದಾಗ ಇವರಿಗೆ ಎಲ್ಲಿಲ್ಲದ ಗಾಂಭೀರ್ಯ ಬರುತ್ತದೆ. "ಅಧ್ಯಯನ ಮಾಡ್ತಿದೀನಿ ಮೇಷ್ಟ್ರೇ" ಎಂದರು.

"ಓಹೋ! ಯಾವ ಜಾತಿಯ ಜೇಡ ಅದು?"

"ಇದು... ಇದು ಗೃಹಸ್ಥ ಜೇಡ."

"ಹಾಗಂದ್ರೆ?"

"ಮನೇಲೇ ಇರುತ್ತೆ. ಹೊರಗಡೆ ಜಾಸ್ತಿ ಹೋಗಲ್ಲ."

ಮೇಷ್ಟ್ರು ಮೂವತ್ತು ವರ್ಷ ಮಕ್ಕಳ ಬುರುಡೆ ಕೇಳಿದವರು. "ನೋಡೋಣ, ಲೈಬ್ರರೀಲಿ ಪುಸ್ತಕ ಇರುತ್ತೆ, ನೋಡಿ ಹೇಳ್ತೀನಿ" ಎಂದು ಪೇಪರು ಮಡಚಿಕೊಂಡು ಹೋದರು. ಇವರ ಮುಖ ಇಷ್ಟಗಲ ಇದ್ದದ್ದು ಇಷ್ಟೇ ಇಷ್ಟಾಯಿತು. ಮಾರನೆಯ ದಿನ ಆಫೀಸಿಗೆ ಅರ್ಧ ಗಂಟೆ ತಡವಾದರೂ ಸರಿ ಎಂದು ಲೈಬ್ರರಿಗೆ ಓಡಿ, ಮೇಷ್ಟ್ರಿಗಿಂತ ಮೊದಲು ಆ ಪುಸ್ತಕವನ್ನು ತಂದು ಮನೆಯಲ್ಲಿಟ್ಟುಕೊಂಡರು. ಮೇಷ್ಟ್ರು ಓದದಿರಲಿ ಎಂದು ತಂದ ಪುಸ್ತಕ. ತಂದ ಮೇಲೆ ತಾವು ಓದಿಬಿಟ್ಟರು, ಅದೇ ಅನಾಹುತವಾದದ್ದು.

ಅಂದಿನಿಂದ ನಮ್ಮ ಮನೆಯ ಊಟದ ಹೊತ್ತು ಹಾಳಾಯಿತು.

"ಗೊತ್ತೇನೇ, ಎಲ್ಲಾ ಜೇಡಾನೂ ಒಂದೇ ಥರ ಬಲೆ ಕಟ್ಟಲ್ಲ."

"ಊಟ ತಣ್ಣಗಾಗ್ತಿದೆ."

"ಸೂರಿನ ಮೂಲೇಲಿ ಉದ್ದುದ್ದ ಕಾಲಿಂದು ಇದೆಯಲ್ಲ, ಅದು ಕಟ್ಟೋದು ಸಿಕ್ಕುಬಲೆ. ಅಡ್ಡಾದಿಡ್ಡಿ. ಒಂದು ಎಳೆಗೂ ಇನ್ನೊಂದಕ್ಕೂ ಸಂಬಂಧವಿಲ್ಲ. ಮುಟ್ಟಿದ್ರೆ ಗಡಗಡ ಅಂತ ಮೈ ಅಲ್ಲಾಡಿಸುತ್ತೆ. ಕಿಟಕಿ ಸಂದೀದು ಕೊಳವೆಬಲೆ. ಮುಂದೆ ಹಾಸು, ಹಿಂದೆ ಕೊಳವೆ. ಕೊಳವೆ ಬಾಯಲ್ಲಿ ಕೂತು ಕಾಯ್ತಾ ಇರುತ್ತೆ. ಹುಳ ಹಾಸಿನ ಮೇಲೆ ಕಾಲಿಟ್ಟಿತೋ, ಓಡಿಬಂದು ಹಿಡಿದುಬಿಡುತ್ತೆ."

"ನಿಮ್ಮಪ್ಪನೂ ಹಾಗೇ ಬಾಗಿಲಲ್ಲಿ ಕೂತಿರ್ತಿದ್ರು, ಯಾರಾದ್ರೂ ಮಾತಿಗೆ ಸಿಗ್ತಾರಾ ಅಂತ" ಎಂದರು ಅತ್ತೆ. ಅವರಿಗೆ ಎಪ್ಪತ್ತೆರಡು ವರ್ಷ, ಮೊಣಕಾಲು ನೋವು, ಮಗನ ಮೇಲೆ ಮಾತ್ರ ಪ್ರೀತಿ ಇಷ್ಟೂ ಕಡಿಮೆಯಾಗಿಲ್ಲ.

"ಬಚ್ಚಲ ದಾರೀಲಿ ಒಂದು ಚಕ್ರಬಲೆ ಇದೆ ನೋಡು, ಅದಕ್ಕೆ ಕೈ ಮುಗೀಬೇಕು! ಗಾಡಿ ಚಕ್ರದ ಹಾಗೆ ಅರಗಳು, ಅದರ ಮೇಲೆ ಸುತ್ತು ಸುತ್ತು. ಹಳೇ ಬಲೇನ ತಾನೇ ತಿಂದು ಹೊಸದು ಕಟ್ಟುತ್ತೆ ಕಣೇ. ಒಂದು ಎಳೆನೂ ದಂಡ ಮಾಡಲ್ಲ."

"ಹಾಗಾದ್ರೆ ನಿಮಗಿಂತ ಮೇಲು. ನೀವು ತಿಂದ ತಟ್ಟೇನೂ ಎತ್ತಲ್ಲ."

ಈ ಮಾತು ಅವರ ಕಿವಿಗೆ ಬೀಳಲಿಲ್ಲ. ಅವರು ಆಗಲೇ ಚೀಟಿ ಕತ್ತರಿಸುತ್ತಿದ್ದರು. ವಾರದೊಳಗೆ ಎಂಟು ಬಲೆಗಳಿಗೆ ಎಂಟು ಚೀಟಿ ಬಂತು. ಸ್ಟೋರಿನ ನಮೂನೆಯೇ. ‘ನಂಬರ್ ಎರಡು. ಬಗೆ: ಸಿಕ್ಕುಬಲೆ. ಎಣಿಕೆ: ಒಂದು. ಸ್ಥಿತಿ: ಉತ್ತಮ. ಸರಬರಾಜು ಮಾಡಿದವರು: ಸ್ವತಃ. ಮುಟ್ಟಬಾರದು.’ ಪಕ್ಕದಲ್ಲಿ ತಾರೀಖು, ಅದರ ಕೆಳಗೆ ಇವರ ಸಹಿ.

ಚಕ್ರಬಲೆ ನಂಬರ್ ಒಂದು, ಅಡುಗೆಮನೆಗೂ ಬಚ್ಚಲಿಗೂ ನಡುವಿನ ಓಣಿಯಲ್ಲಿ ಅಡ್ಡಡ್ಡ ಕಟ್ಟಿತ್ತು. ಅದು ಹರಿಯಬಾರದು ಎಂದು ನಾವೆಲ್ಲ ಹಿತ್ತಲ ಬಾಗಿಲಿಂದ ಹೊರಟು, ಮನೆ ಸುತ್ತಿ ಬಂದು ಸ್ನಾನ ಮಾಡಬೇಕಾಯಿತು. ಅತ್ತೆ ಮಾತ್ರ ಸುತ್ತಲಾರದೆ ಟವೆಲು ಹೆಗಲಿಗೆ ಹಾಕಿಕೊಂಡು ಬಲೆಯ ಕೆಳಗೆ ಬಗ್ಗಿ ಹೋಗುತ್ತಿದ್ದರು. "ಅಯ್ಯೋ, ಅದನ್ನ ತೆಗೆದುಬಿಡ್ತೀನಿ ಅತ್ತೆ" ಎಂದರೆ, "ಬಿಡಮ್ಮ, ಇವನು ಹುಟ್ಟಿದಾಗಿಂದ ಬಗ್ಗಿ ಬಗ್ಗಿ ನನಗೆ ಅಭ್ಯಾಸವಾಗಿದೆ" ಎನ್ನುತ್ತಿದ್ದರು.

ಒಂದು ದಿನ ಇವರು ಆಫೀಸಿಗೆ ಹೋದಾಗ ನಂಬರ್ ಮೂರನ್ನು ಸದ್ದಿಲ್ಲದೆ ಗುಡಿಸಿಬಿಟ್ಟೆ. ಸಂಜೆ ಬಂದು ನೋಡಿದರು, ಊಟ ಬಿಟ್ಟರು. ಖಾಲಿ ಗೋಡೆಯ ಚೀಟಿಯಲ್ಲಿ ‘ಸ್ಥಿತಿ: ಉತ್ತಮ’ ಎಂಬುದನ್ನು ಹೊಡೆದು ‘ಕಳವು’ ಎಂದು ಬರೆದರು. "ಪಾಪ, ಖಾಲಿ ಹೊಟ್ಟೇಲಿ ಮಲಗಿದಾನೆ ಕಣಮ್ಮ" ಎಂದು ಅತ್ತೆ ನನ್ನನ್ನೇ ಕಳ್ಳಿಯ ಹಾಗೆ ನೋಡಿದರು. ಆಮೇಲೆ ನಾನು ಪೊರಕೆ ಮುಟ್ಟಲಿಲ್ಲ.

ಸುದ್ದಿ ಬೀದಿಗೆಲ್ಲ ಹಬ್ಬಿತು. ಮೇಷ್ಟ್ರು ಎಲ್ಲಿಂದಲೋ ಬೇರೊಂದು ಪುಸ್ತಕ ತಂದು, "ನಿಮ್ಮ ನಂಬರ್ ಆರು ಸಿಕ್ಕುಬಲೆ ಅಲ್ಲ, ಹಾಸುಬಲೆ. ಚೀಟಿ ತಿದ್ದಿ" ಎಂದು ದಿನಾ ಸಂಜೆ ಜಗಳಕ್ಕೆ ಬರತೊಡಗಿದರು. ಮೇಲ್ಮಹಡಿಯಾಕೆ ಲೋಟಕ್ಕೆ ತಟ್ಟೆ ಮುಚ್ಚಿಕೊಂಡು ಬಂದಳು.

"ಅಣ್ಣಾ, ಮಗು ಮಂಚದ ಹತ್ರ ಸಿಕ್ತು. ಕಚ್ಚುತ್ತಾ ನೋಡಿ ಹೇಳಿ."

ಇವರು ಕನ್ನಡಕ ಏರಿಸಿ ತಟ್ಟೆ ಸರಿಸಿದರು. ಜೇಡ ಒಂದೇ ನೆಗೆತಕ್ಕೆ ಇವರ ಮೂಗಿನ ಮೇಲೆ ಬಂತು, ಇನ್ನೊಂದು ನೆಗೆತಕ್ಕೆ ನಮ್ಮ ಗೋಡೆಗೆ ಹೋಯಿತು. "ಏನೂ ಮಾಡಲ್ಲಮ್ಮಾ, ಇದು ನೆಗೆಯೋ ಜೇಡ. ಬಲೆ ಕಟ್ಟಲ್ಲ, ಬೆನ್ನಟ್ಟಿ ಹಿಡಿಯುತ್ತೆ" ಎಂದು ಮೂಗು ಉಜ್ಜಿಕೊಳ್ಳುತ್ತಾ ಹೇಳಿದರು. ಅದಕ್ಕೂ ಒಂದು ಚೀಟಿ ಬೇಕಲ್ಲ? ಗೋಡೆಗೆ ಅಂಟಿಸಿದರು. ‘ನಂಬರ್ ಒಂಬತ್ತು. ಬಲೆ ಇಲ್ಲ. ಈಗಷ್ಟೇ ಇಲ್ಲಿತ್ತು.’

ಇಂಥ ಹೊತ್ತಿನಲ್ಲಿ ಇಲಾಖೆಯ ಪತ್ರ ಬಂತು. ಗುರುವಾರ ಬೆಳಗ್ಗೆ ಹನ್ನೊಂದಕ್ಕೆ ಪರಿಶೀಲನೆ.

"ರೀ, ನಿಮ್ಮ ಕಾಲಿಗೆ ಬೀಳ್ತೀನಿ, ಬಲೆಗಳನ್ನ ತೆಗೆದುಬಿಡಿ. ಎರಡು ವರ್ಷ ಓಡಾಡಿದೀನಿ."

"ಅಯ್ಯೋ, ಅದಕ್ಕೇನಂತೆ! ನಿನಗಿಂತ ಹೆಚ್ಚಾ? ಬುಧವಾರ ಸಂಜೆ ನಾನೇ ತೆಗೀತೀನಿ" ಎಂದರು. ಬುಧವಾರ ಸಂಜೆ ಸ್ಟೂಲು ಹತ್ತಿದರು, ಪ್ರತಿಯೊಂದು ಬಲೆಯನ್ನೂ ಎಂದಿನಂತೆ ಅಳತೆ ಮಾಡಿ ತಮ್ಮ ಲೆಕ್ಕದ ಪುಸ್ತಕದಲ್ಲಿ ಬರೆದುಕೊಂಡರು, ಇಳಿದರು. "ಬೆಳಗ್ಗೆ ಬೆಳಕಲ್ಲಿ ತೆಗೆದ್ರೆ ಒಳ್ಳೇದು" ಎಂದರು. ಬೆಳಗ್ಗೆ ಎಂಟೂಮುಕ್ಕಾಲಿಗೆ ತಿಂಡಿ ತಿಂದು, "ಹನ್ನೊಂದಕ್ಕೆ ರಜೆ ಹೇಳಿ ಬರ್ತೀನಿ, ನಿನ್ನ ಪಕ್ಕದಲ್ಲಿ ನಾನಿರಬೇಕಲ್ಲ" ಎಂದು ಆಫೀಸಿಗೆ ಹೊರಟೇಹೋದರು.

ಬಾಗಿಲು ಹಾಕಿದ್ದೇ ತಡ, ಸೆರಗು ಸೊಂಟಕ್ಕೆ ಸಿಕ್ಕಿಸಿದೆ. ಅರ್ಧ ಗಂಟೆಯಲ್ಲಿ ಒಂದು ಬಲೆಯೂ ಉಳಿಯಲಿಲ್ಲ. ಜೇಡಗಳನ್ನು ಕಾಗದದ ಮೇಲೆ ಹತ್ತಿಸಿ ಹಿತ್ತಲಿಗೆ ಬಿಟ್ಟೆ, ಅವುಗಳದ್ದೇನು ತಪ್ಪು? ತೊಂದರೆಯಾದದ್ದು ಚೀಟಿಗಳಿಂದ. ಪಂಪಿನ ಮೇಲೆ ನೀರು ಬಿದ್ದರೂ ಬಿಡದ ಹಾಗೆ ತಯಾರಿಸಿದ ಕಾರ್ಖಾನೆಯ ಅಂಟು ಅದು. ಬಿಸಿನೀರು ಹಾಕಿ, ಚಾಕುವಿನಲ್ಲಿ ಕೆರೆದು, ಉಗುರು ಮುರಿದುಕೊಂಡು ಏಳು ಚೀಟಿ ಕಿತ್ತೆ. ಮುಂದಿನ ಕೋಣೆಯಲ್ಲೇ ಎರಡು ಉಳಿದವು. ಆಗಲೇ ಹನ್ನೊಂದಕ್ಕೆ ಐದು ನಿಮಿಷ. ‘ಕಳವು’ ಚೀಟಿಯ ಮೇಲೆ ಕ್ಯಾಲೆಂಡರು ತೂಗುಹಾಕಿದೆ. ನಂಬರ್ ಒಂಬತ್ತಕ್ಕೆ ಏನೂ ಸಿಗದೆ, ಅತ್ತೆಯನ್ನು ಕರೆದು ಗೋಡೆಗೆ ಒರಗಿಸಿ ನಿಲ್ಲಿಸಿದೆ.

"ಅಲ್ಲಾಡಬೇಡಿ ಅತ್ತೆ, ಅವರು ಹೋಗೋವರೆಗೂ."

"ಸರಿ ಕಣಮ್ಮ. ಕೆಮ್ಮಬಹುದಾ?"

ಅಧಿಕಾರಿ ಸರಿಯಾಗಿ ಹನ್ನೊಂದಕ್ಕೆ ಬಂದರು. ಐವತ್ತರ ಹೆಂಗಸು, ಕೈಯಲ್ಲಿ ದಪ್ಪ ಫೈಲು, ನಗುವ ಯೋಚನೆಯೇ ಇಲ್ಲದ ಮುಖ. ಜೊತೆಗೆ, ಪೋಷಕರೊಬ್ಬರ ಹೇಳಿಕೆ ಬೇಕು ಎಂದು ಮೇಲ್ಮಹಡಿಯಾಕೆಯನ್ನೂ ಕರೆಸಿದರು. ಅಡುಗೆಮನೆ ನೋಡಿದರು, ನಲ್ಲಿ ತಿರುಗಿಸಿದರು, ಮಂಚದ ಕೆಳಗೆ ಬಗ್ಗಿದರು, ಕಿಟಕಿಯ ಅಂಚಿನಲ್ಲಿ ಬೆರಳು ಎಳೆದು ಬೆರಳು ನೋಡಿಕೊಂಡರು. ಧೂಳಿಲ್ಲ. ನನಗೆ ಜೀವ ಬಂತು. ಕುರ್ಚಿಯಲ್ಲಿ ಕೂತು ಫೈಲು ತೆರೆದು ಪೆನ್ನು ಹಿಡಿದವರ ಕಣ್ಣು ಅತ್ತೆಯ ಮೇಲೆ ಬಿತ್ತು.

"ಯಾಕಮ್ಮಾ ನಿಂತೇ ಇದೀರಿ? ಕೂತ್ಕೊಳ್ಳಿ."

"ಇಲ್ಲಮ್ಮಾ, ನಾನು ಮೊದಲಿಂದಲೂ ನಿಂತ್ಕೊಳ್ಳೋದೇ" ಎಂದರು ಅತ್ತೆ.

"ಕಾಲು ನಡುಗ್ತಿದೆಯಲ್ಲ! ಮನೇಲಿ ವಯಸ್ಸಾದವರನ್ನ ಹೀಗಾ ನಿಲ್ಲಿಸೋದು?" ಎಂದು ನನ್ನ ಕಡೆ ಕೆಂಗಣ್ಣು ಬಿಟ್ಟು, ತಾವೇ ಎದ್ದು ಅತ್ತೆಯ ಕೈ ಹಿಡಿದು ತಮ್ಮ ಕುರ್ಚಿಗೆ ಕೂರಿಸಿದರು. ಆಮೇಲೆ ತಿರುಗಿ ಗೋಡೆ ಓದಿದರು. "ಈಗಷ್ಟೇ ಇಲ್ಲಿತ್ತು... ಏನು ಇಲ್ಲಿತ್ತು?"

ಅವರು ಸೀರೆ ಎತ್ತಿಕೊಂಡು ಎರಡು ಹೆಜ್ಜೆ ಹಿಂದೆ ಸರಿದರು. ಬೆನ್ನಿಗೆ ಕ್ಯಾಲೆಂಡರು ತಾಗಿ ಮೊಳೆಯ ಸಮೇತ ಕೆಳಗೆ ಬಿತ್ತು.

"ಕಳವು? ಏನು ಕಳವಾಗಿದೆ? ಪೊಲೀಸರಿಗೆ ಹೇಳಿದೀರಾ?"

ಆಗ ಮೇಲ್ಮಹಡಿಯಾಕೆ ನನ್ನನ್ನು ಕಾಪಾಡಲು ಮುಂದೆ ಬಂದಳು. ಅವಳ ಮನಸ್ಸು ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. "ಮೇಡಂ, ಹೆದರಬೇಡಿ, ಜೇಡ ಅಷ್ಟೇ! ಈ ಮನೇಲಿ ಜೇಡಗಳನ್ನೇ ಅಷ್ಟು ಚೆನ್ನಾಗಿ ನೋಡ್ಕೊಂಡಿದಾರೆ. ಇನ್ನು ಮಕ್ಕಳನ್ನ ಬಿಡ್ತಾರಾ?"

ಅಧಿಕಾರಿ ಪೆನ್ನಿನ ಮುಚ್ಚಳ ಹಾಕಿದರು. ಅದೇ ಹೊತ್ತಿಗೆ ಗೇಟಿನಿಂದ ಗಲಾಟೆ ಕೇಳಿಸಿತು.

"ಹಾಸುಬಲೆ ಅಂದ್ರೆ ಹಾಸುಬಲೇನೇ! ಮಲಗಿಸಿದ ಹಾಗೆ ಇರುತ್ತೆ!"

"ಸಿಕ್ಕುಬಲೆ ಮೇಷ್ಟ್ರೇ, ಬನ್ನಿ, ನೀವೇ ನೋಡಿ!"

ಇಬ್ಬರೂ ಒಟ್ಟಿಗೆ ಬಾಗಿಲಲ್ಲಿ ನುಗ್ಗಿದರು. ಇವರು ಒಮ್ಮೆ ಸೂರು ನೋಡಿದರು, ಒಮ್ಮೆ ಕಿಟಕಿ ನೋಡಿದರು, ಮುಖ ಬಿಳಿಚಿಕೊಂಡಿತು. ಹೆಂಡತಿ ನಿಂತಿದ್ದಾಳೆ, ಅಧಿಕಾರಿ ನಿಂತಿದ್ದಾರೆ, ಅವರ ಕಣ್ಣಿಗೆ ನಾವ್ಯಾರೂ ಬೀಳಲಿಲ್ಲ.

"ನಂಬರ್ ಎರಡು ಎಲ್ಲಿ?"

"ಯಾವ ನಂಬರ್ ಎರಡು?" ಎಂದರು ಅಧಿಕಾರಿ.

ನಾನು ಕಣ್ಸನ್ನೆ ಮಾಡಿದೆ, ತಲೆ ಅಲ್ಲಾಡಿಸಿದೆ, ಕೊನೆಗೆ ಕಾಲು ತುಳಿದೆ. "ನನ್ನ ಕಾಲು ಯಾಕೆ ತುಳೀತಿದೀಯಾ?" ಎಂದು ಎಲ್ಲರಿಗೂ ಕೇಳುವ ಹಾಗೆ ಕೇಳಿ, ಚೀಲದಿಂದ ತಮ್ಮ ಲೆಕ್ಕದ ಪುಸ್ತಕ ತೆಗೆದು ಅಧಿಕಾರಿಗೆ ಕೊಟ್ಟರು. "ನೋಡಿ ಮೇಡಂ, ಎಲ್ಲದಕ್ಕೂ ದಾಖಲೆ ಇದೆ. ನಂಬರ್ ಎರಡು ಇದೇ ಮೂಲೇಲಿತ್ತು, ನಲವತ್ತೊಂದು ದಿನದಿಂದ. ಇಷ್ಟು ದಿನದಲ್ಲಿ ಒಂದು ಸಲಾನೂ ಪೊರಕೆ ಮುಟ್ಟಿಸಿಲ್ಲ!"

"ಅಂದ್ರೆ ನಲವತ್ತೊಂದು ದಿನದಿಂದ ಈ ಕೋಣೆ ಗುಡಿಸಿಲ್ಲ."

"ಮೂಲೆ ಮಾತ್ರ ಮೇಡಂ. ಬೇಕಾದ್ರೆ ಇಪ್ಪತ್ತು ದಿನದ ಅಳತೆನೂ ಇದೆ, ಪುಟ ತಿರುಗಿಸಿ."

"ನಂಬರ್ ಆರಿನ ಪುಟ ತೆಗೀರಿ ಮೇಡಂ" ಎಂದು ಮೇಷ್ಟ್ರು ಮಧ್ಯೆ ತಲೆ ತೂರಿಸಿದರು. "ವಿದ್ಯಾವಂತರು ನೀವು. ಇದು ಹಾಸುಬಲೆನೋ ಸಿಕ್ಕುಬಲೆನೋ, ಇವತ್ತು ತೀರ್ಮಾನ ಆಗಿಹೋಗಲಿ."

"ನನಗೆ ಇಲ್ಲಿ ಒಂದು ಬಲೆನೂ ಕಾಣ್ತಿಲ್ಲ" ಎಂದರು ಅಧಿಕಾರಿ. "ಪುಸ್ತಕದಲ್ಲಿ ಒಂಬತ್ತಿದೆ. ಗೋಡೆ ಮೇಲೆ ಸೊನ್ನೆ. ಇದರಲ್ಲಿ ನಾನು ಯಾವುದನ್ನ ವರದಿ ಮಾಡಲಿ?"

"ಪುಸ್ತಕ ಸರಿಯಾಗಿದೆ ಮೇಡಂ. ಗೋಡೇಲಿ ಏನೋ ತಪ್ಪಾಗಿದೆ" ಎಂದರು ನಮ್ಮ ಯಜಮಾನರು.

ಅಷ್ಟು ಹೊತ್ತು ತಡೆದುಕೊಂಡವಳಿಗೆ ಇನ್ನು ತಡೆಯಲಾಗಲಿಲ್ಲ. "ತಪ್ಪಾಗಿದ್ದು ಗೋಡೇಲಲ್ಲ, ನನ್ನ ಹಣೆಬರಹದಲ್ಲಿ!" ಎಂದು ಕಿರುಚಿಬಿಟ್ಟೆ. "ಮೇಡಂ, ಈ ಮನೇನ ದಿನಾ ಎರಡು ಸಲ ಗುಡಿಸಿ ಒರೆಸೋಳು ನಾನು. ಎರಡು ವರ್ಷ ನಿಮ್ಮ ಆಫೀಸಿನ ಮೆಟ್ಟಿಲು ಹತ್ತಿದೋಳು ನಾನು. ಇವತ್ತು ಒಂಬತ್ತು ಗಂಟೆಯಿಂದ ಬಲೆ ಹೊಡೆದು, ಚೀಟಿ ಕಿತ್ತು, ಉಗುರು ಮುರ್ಕೊಂಡೋಳೂ ನಾನೇ. ಇವರು ಮಾಡಿದ್ದು ಚೀಟಿ ಅಂಟಿಸಿದ್ದು. ಬೇಡ ಅಂತ ಬರೆಯೋದಾದ್ರೆ ಬರೆದುಬಿಡಿ, ಆದ್ರೆ ಕೊಳಕು ಅಂತ ಮಾತ್ರ ಬರೀಬೇಡಿ!" ಎಂದೆ. ಅಳು ಬಂತು. ಎಲ್ಲರೆದುರು ಮೂಗು ಒರೆಸಿಕೊಂಡೆ.

ಅಧಿಕಾರಿ ನನ್ನ ಕೈ ನೋಡಿದರು. ನನ್ನ ಕೂದಲಲ್ಲಿ ಸಿಕ್ಕಿಕೊಂಡಿದ್ದ ಬಲೆಯ ಎಳೆಯೊಂದನ್ನು ಎರಡು ಬೆರಳಲ್ಲಿ ತೆಗೆದು ಕಿಟಕಿಯಾಚೆ ಹಾಕಿದರು. ಆಮೇಲೆ ಇವರ ಕಡೆ ಬಹಳ ಹೊತ್ತು ನೋಡಿದರು.

"ನಮ್ಮನೇಲಿ ಗಡಿಯಾರ" ಎಂದರು ನನಗೆ ಮಾತ್ರ ಕೇಳುವ ಹಾಗೆ. "ಹದಿನಾಲ್ಕು ಬಿಚ್ಚಿಟ್ಟಿದಾರೆ. ಒಂದೂ ನಡೆಯಲ್ಲ."

ನಾನು ಬಾಯಿ ತೆರೆಯುವಷ್ಟರಲ್ಲಿ ಮುಖ ಮತ್ತೆ ಅಧಿಕಾರಿಯದಾಯಿತು. "ನಿಮ್ಮ ಯಜಮಾನರು ಆಫೀಸಿಗೆ ಎಷ್ಟೊತ್ತಿಗೆ ಹೋಗ್ತಾರೆ?"

"ಒಂಬತ್ತಕ್ಕೆ."

"ಬರೋದು?"

"ಆರಕ್ಕೆ."

ಕೂತು ಬರೆದರು. ಬರೆದದ್ದನ್ನು ಗಟ್ಟಿಯಾಗಿ ಓದಿದರು. "ಸ್ಥಳ ಪರಿಶೀಲಿಸಲಾಯಿತು. ಶುಚಿಯಾಗಿದೆ. ಈ ಕೆಳಗಿನ ಒಂದು ಷರತ್ತಿಗೆ ಒಳಪಟ್ಟು ಅನುಮತಿ ನೀಡಲಾಗಿದೆ. ಸೋಮವಾರದಿಂದ ಶುಕ್ರವಾರದವರೆಗೆ, ಬೆಳಗ್ಗೆ ಒಂಬತ್ತರಿಂದ ಸಂಜೆ ಆರರವರೆಗೆ, ಅರ್ಜಿದಾರರ ಪತಿ ಈ ಆವರಣದಲ್ಲಿ ಇರತಕ್ಕದ್ದಲ್ಲ. ಇಬ್ಬರೂ ಸಹಿ ಮಾಡಿ."

ಮೇಲ್ಮಹಡಿಯಾಕೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೇಷ್ಟ್ರು ಸೂರು ನೋಡಿದರು. "ಇದೇನಮ್ಮಾ, ನನ್ನ ಮಗನ್ನ ಅವನ ಮನೆಯಿಂದಲೇ..." ಎಂದು ಅತ್ತೆ ಎದ್ದರು, ಒಂದು ಸಲ ನನ್ನ ಮುರಿದ ಉಗುರು ನೋಡಿದರು, ಹಾಗೇ ಕೂತರು. ಸಹಿ ಹಾಕುವ ಮುಂಚೆ ನಾನು ಇವರ ಮುಖ ನೋಡಿದೆ. ಪಾಪ ಅನ್ನಿಸಿತು, ಸುಳ್ಳು ಹೇಳುವುದಿಲ್ಲ. ಸಹಿ ಹಾಕಿದೆ.

ಇವರು ಕಾಗದ ತೆಗೆದುಕೊಂಡು ಕನ್ನಡಕ ಏರಿಸಿದರು. ಒಮ್ಮೆ ಓದಿದರು. ಇನ್ನೊಮ್ಮೆ, ಬೆರಳಿಟ್ಟುಕೊಂಡು ಓದಿದರು. ಹುಬ್ಬು ಗಂಟಿಕ್ಕಿತು.

"ಮೇಡಂ, ಇದಕ್ಕೆ ನಾನು ಸಹಿ ಹಾಕಕ್ಕಾಗಲ್ಲ."

ನಾನು ಮತ್ತೆ ಇವರ ಕಾಲು ತುಳಿದೆ.

"ಇದರಲ್ಲಿ ತಪ್ಪಿದೆ. ಶಿಶುವಿಹಾರ ಶನಿವಾರನೂ ಇರುತ್ತೆ ಅಂತ ಇವಳು ಅರ್ಜೀಲಿ ಬರೆದಿದಾಳೆ. ನೀವು ಶುಕ್ರವಾರಕ್ಕೇ ನಿಲ್ಲಿಸಿದೀರಿ. ಶನಿವಾರ ನಮಗೆ ರಜೆ, ನಾನು ದಿನವಿಡೀ ಮನೇಲೇ ಇರ್ತೀನಿ. ಅವತ್ತು ಏನು ಮಾಡಬೇಕು ಅಂತ ಇಲ್ಲಿ ಇಲ್ಲ. ನಾಳೆ ಯಾರಾದ್ರೂ ತನಿಖೆಗೆ ಬಂದ್ರೆ ನಿಮಗೇ ತೊಂದರೆ."

ಅಧಿಕಾರಿ ಪೆನ್ನು ಮುಂದೆ ಚಾಚಿದರು. ಇವರು ‘ಶುಕ್ರವಾರ’ವನ್ನು ಅಂದವಾಗಿ ಒಂದು ಗೆರೆ ಎಳೆದು ಹೊಡೆದರು, ಮೇಲೆ ದುಂಡಗೆ ‘ಶನಿವಾರ’ ಎಂದು ಬರೆದರು, ತಿದ್ದುಪಡಿಯ ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು, ಕೆಳಗೆ ದೊಡ್ಡ ಸಹಿ ಹಾಕಿದರು. "ಈಗ ಸರಿಹೋಯ್ತು" ಎಂದು ಎಲ್ಲರ ಮುಖವನ್ನೂ ತೃಪ್ತಿಯಿಂದ ನೋಡಿದರು.

ಎಲ್ಲರೂ ಹೋದರು. ಅನುಮತಿ ಪತ್ರವನ್ನು ನಾನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದೆ. ಇವರು ಕೋಣೆಯ ನಡುವೆ ನಿಂತು ಬಹಳ ಹೊತ್ತು ಏನೋ ಯೋಚಿಸಿದರು.

"ಅಲ್ವೇ," ಎಂದರು ಕೊನೆಗೆ, "ಹಾಗಾದ್ರೆ ಶನಿವಾರ ನಾನೆಲ್ಲಿರಬೇಕು?"

"ನನಗೇನ್ರೀ ಗೊತ್ತು? ನಿಮ್ಮ ಕೈಬರಹ. ನೀವೇ ಓದ್ಕೊಳ್ಳಿ."